ಸಂರಕ್ಷಣಾ ಅಗತ್ಯ ಸಮೀಕ್ಷೆ: ಕೋಲಾರ ಚಿನ್ನದ ಗಣಿ ಪ್ರದೇಶ

ಸಂರಕ್ಷಣಾ ಅಗತ್ಯ ಸಮೀಕ್ಷೆ ಎಂದರೆ ಸಣ್ಣ ಸಂಗ್ರಹಾಲಯದ ಚಿತ್ರ, ನಕ್ಷೆ, ಛಾಯಾಚಿತ್ರಗಳು ಯಾವುದರಿಂದ ಹಾಳಾಗುತ್ತಿವೆ, ಮೊದಲು ಯಾವುದಕ್ಕೆ ಕೈಹಾಕಬೇಕು ಎಂದು ನಿರ್ಧರಿಸುವ ಪರಿಶೀಲನೆ. ದುರಸ್ತಿ ಇದರ ನಂತರದ ಕೆಲಸ. ಕೆನಡಾದ ಸಂರಕ್ಷಣಾ ಸಂಸ್ಥೆ ಹಾನಿಕಾರಕಗಳನ್ನು ಹತ್ತಾಗಿ ವಿಂಗಡಿಸಿದೆ: ಪೆಟ್ಟು, ಕಳವು, ಬೆಂಕಿ, ನೀರು, ಕೀಟ, ಮಾಲಿನ್ಯ, ಬೆಳಕು, ತಾಪ, ತೇವಾಂಶ, ಮಾಹಿತಿನಷ್ಟ. ಇವುಗಳ ಆದ್ಯತೆ ಊರಿಂದೂರಿಗೆ ಬೇರೆ.

ಪರಿಸರ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆತ್ತಿಕೊಂಡ ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಅದಿರು ಅರೆದು ಉಳಿದ ನುಣುಪು ಹುಡಿ, ಸುಮಾರು 3.3 ಕೋಟಿ ಟನ್ ಎಂಬ ಅಂದಾಜಿನಷ್ಟು, ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿಗೆ ಊರೊಳಕ್ಕೆ ಹಾರುತ್ತದೆ. ಇದರಲ್ಲಿ ಗಟ್ಟಿಯಾದ ಶಿಲಾಕಣಗಳಿರುವುದರಿಂದ ಒದ್ದೆ ಬಟ್ಟೆಯಿಂದ ಉಜ್ಜಿದರೆ ಗಾಜಿನ ನೆಗೆಟಿವ್, ಚಿತ್ರಗಳ ವಾರ್ನಿಷ್ ಮೇಲೆ ಗೀರು ಬೀಳುತ್ತವೆ. ಮೆತ್ತನೆಯ ಬ್ರಷ್‌ನಿಂದ ದೂಳನ್ನು ಬಲೆ ಕಟ್ಟಿದ ವ್ಯಾಕ್ಯೂಮ್ ಬಾಯಿಯತ್ತ ಸರಿಸಬೇಕು. ಗಣಿಯಾಳದ ಬಂಡೆ ಒಮ್ಮೆಲೇ ಸಿಡಿದು ನೆಲ ನಡುಗುವ, ಸ್ಥಳೀಯರು ಏರ್ ಬ್ಲಾಸ್ಟ್ ಎನ್ನುವ ಶಿಲಾಸ್ಫೋಟದ ಇತಿಹಾಸವಿರುವ ನೆಲದಲ್ಲಿ ವಸ್ತುಗಳು ಜಾರಿ ಬೀಳದಂತೆ ಕಪಾಟುಗಳಿಗೆ ಅಂಚುಪಟ್ಟಿ ಬೇಕು. ಹತ್ತಿರದ ರೈಲು ಜಂಕ್ಷನ್ ಆದ ಬಂಗಾರಪೇಟೆಯಲ್ಲೂ ರೈಲುಗಳ ಅದುರುವಿಕೆಯನ್ನು ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ನೀಲಿನಕ್ಷೆಗಳು

ಗಣಿಯೂರಿನ ಸಂಗ್ರಹಗಳಲ್ಲಿ ಹೆಚ್ಚು ಎಚ್ಚರ ಬೇಡುವವು ಇವು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಲ್ಲಿ ಕಾಗದದ ನೀಲಿ, ಕಬ್ಬಿಣದ ಸಂಯುಕ್ತವಾದ ಪ್ರಷ್ಯನ್ ನೀಲಿ. ಬೆಳಕಿಗೆ ಅದು ಮಾಸುತ್ತದೆ. ಕತ್ತಲಲ್ಲಿ ಗಾಳಿಯ ಆಮ್ಲಜನಕ ಸೋಕಿದರೆ ಬಹುಪಾಲು ಮರಳುತ್ತದೆ. ಕ್ಷಾರ ತಗುಲಿದರೆ ಮಾತ್ರ ಬಣ್ಣ ಹಳದಿಗಂದಿಗೆ ತಿರುಗಿ ಶಾಶ್ವತವಾಗಿ ಕೆಡುತ್ತದೆ. ಹಳೆಯ ಕಾಗದಗಳಿಗೆಲ್ಲ ಆಮ್ಲರಹಿತ ಲಕೋಟೆ ಕೊಳ್ಳಿ ಎಂಬ ಸಾಮಾನ್ಯ ಸಲಹೆ ಇಲ್ಲಿ ಅಪಾಯಕಾರಿ: ಅಂಥ ಹಲವು ಲಕೋಟೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ಕ್ಷಾರ ಸೇರಿಸದ ತಟಸ್ಥ ಕಾಗದವನ್ನೇ ಕೇಳಿ ತರಬೇಕು. ಪ್ರದರ್ಶನದಲ್ಲಿ ಬೆಳಕು 50 ಲಕ್ಸ್ ಮೀರಬಾರದು, ಅದೂ ಕೆಲವೇ ವಾರ. ಸುರುಳಿಯನ್ನು ಬಲವಂತವಾಗಿ ಬಿಡಿಸಿದರೆ ಮಡಿಕೆಯ ಜಾಗದಲ್ಲೇ ಹರಿಯುತ್ತದೆ.

ಮಾಹಿತಿನಷ್ಟ

ಆದ್ಯತೆಯಲ್ಲಿ ಮಾಹಿತಿನಷ್ಟವನ್ನು ದೂಳಿಗಿಂತಲೂ ಮೇಲಿಡಬೇಕೆಂಬುದು ಈ ಲೇಖಕರ ಅಭಿಪ್ರಾಯ. ಗಣಿಯ ದಾಖಲೆ ಇಂಗ್ಲಿಷಿನಲ್ಲಿತ್ತು. ಕಾರ್ಮಿಕರು ಆಡಿದ್ದು ತಮಿಳು, ತೆಲುಗು, ಕನ್ನಡ. ಫೋಟೊದಲ್ಲಿರುವವರ ಹೆಸರು, ಶಾಫ್ಟ್‌ನ (ಗಣಿಬಾವಿಯ) ಗುರುತು ಹಲವು ಕಡೆ ಹಿರಿಯರ ನೆನಪಿನಲ್ಲಷ್ಟೇ ಇರುವ ಸಂಭವವಿದೆ.

ನೆರವು

ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಸಲಹೆಗಾಗಿ ಅಲ್ಲಿಗೆ ಪತ್ರ ಬರೆಯುವ ಮೊದಲೇ ಸಂಗ್ರಹಾಲಯದವರು ಹಳೆಯ ಕಾರ್ಮಿಕರನ್ನು ಕೂರಿಸಿಕೊಂಡು ಒಂದೊಂದು ಚಿತ್ರದ ಹೆಸರು ಬರೆದಿಟ್ಟುಕೊಳ್ಳಲಿ.