ಕೃತಕ ಬಂಡೆಸಾಲು

ಮೀನು ಮತ್ತಿತರ ಕಡಲಜೀವಿಗಳಿಗೆ ನೆಲೆ ಒದಗಿಸಲು ಸಮುದ್ರತಳದಲ್ಲಿ ಮನುಷ್ಯ ಇಳಿಸುವ ಗಟ್ಟಿ ರಚನೆಗಳ ಗುಂಪು. ದಡಕ್ಕೆ ಹತ್ತಿರದ ಕಡಲತಳ ಬಹುಮಟ್ಟಿಗೆ ಮರಳು, ಕೆಸರು. ಕಚ್ಚಿಕೊಂಡು ಬೆಳೆಯುವ ಜೀವಿಗಳಿಗೆ ಅಲ್ಲಿ ಆಸರೆ ಕಡಿಮೆ. ಇದ್ದ ಬಂಡೆ, ಹವಳಗಳಿಗೂ ತಳ ಗೋರುವ ಟ್ರಾಲ್ ಬಲೆಗಳಿಂದ ಹಾನಿಯಾಗಿದೆ.

ನೀರಿಗಿಳಿದ ಕಾಂಕ್ರೀಟಿನ ಮೇಲೆ ಮೊದಲು ಬ್ಯಾಕ್ಟೀರಿಯಾ ಮತ್ತು ಡಯಾಟಮ್‌ಗಳ ಲೋಳೆಪದರ ಕೂರುತ್ತದೆ. ಆಮೇಲೆ ಬಾರ್ನಕಲ್, ಕೊಳವೆಹುಳು, ಸಿಂಪಿ, ಪಾಚಿ, ಸ್ಪಂಜುಗಳು ಅಂಟಿಕೊಳ್ಳುತ್ತವೆ. ಇವನ್ನು ಮೇಯಲು ಸಣ್ಣ ಮೀನು, ಅವನ್ನು ಹಿಡಿಯಲು ಮುರು, ಕೆಂಬೇರಿಯಂಥ ದೊಡ್ಡ ಮೀನು ಬರುತ್ತವೆ. ರಚನೆಯಲ್ಲಿ ಪೊಟರೆ, ಸಂದುಗಳು ಹೆಚ್ಚಿದ್ದಷ್ಟೂ ಮರಿಗಳು ಬದುಕುಳಿಯುವ ಅವಕಾಶ ಹೆಚ್ಚು.

ಜಪಾನಿನಲ್ಲಿ 17ನೇ ಶತಮಾನದಲ್ಲೇ ಕಡಲಿಗೆ ಕಲ್ಲು ಸುರಿದು ಕೆಲ್ಪ್ ಪಾಚಿ ಬೆಳೆಸುತ್ತಿದ್ದರು. ತಿರುವನಂತಪುರ ಕರಾವಳಿಯ ಸಾಂಪ್ರದಾಯಿಕ ಮೀನುಗಾರರೂ ಕಲ್ಲು, ತೆಂಗಿನ ಬೊಡ್ಡೆ ಮುಳುಗಿಸಿ ಮೀನು ಕೂಡಿಸುತ್ತಿದ್ದರು. ಈ ತಿಳಿವಳಿಕೆ ಪ್ರಯೋಗಾಲಯಕ್ಕಿಂತ ಹಳೆಯದು, ಗೌರವಕ್ಕೆ ಅರ್ಹವಾದದ್ದು.

ಹೊಸ ಕಾಲದ ದೊಡ್ಡ ಅನಾಹುತ ನಡೆದದ್ದು ಅಮೆರಿಕದ ಫ್ಲೋರಿಡಾದಲ್ಲಿ. 1970ರ ದಶಕದಲ್ಲಿ ಫೋರ್ಟ್ ಲಾಡರ್‌ಡೇಲ್ ಎದುರಿನ ಆಸ್ಬೋರ್ನ್ ರೀಫ್‌ನಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಟ್ಟುಕಟ್ಟಾಗಿ ಮುಳುಗಿಸಲಾಯಿತು. ಉಪ್ಪುನೀರಿಗೆ ಉಕ್ಕಿನ ಕೊಂಡಿಗಳು ತುಕ್ಕು ಹಿಡಿದವು, ಕಟ್ಟು ಬಿಚ್ಚಿತು. ಬಿರುಗಾಳಿಗೆ ಉರುಳಾಡುವ ಟೈರಿನ ಮೇಲೆ ಜೀವಿಗಳು ನೆಲೆಯೂರಲಿಲ್ಲ. ಅಷ್ಟೇ ಅಲ್ಲ, ಪಕ್ಕದ ಸಹಜ ಹವಳಕ್ಕೂ ಅವು ಬಡಿದವು. 2007ರಲ್ಲಿ ಸೇನೆಯ ಮುಳುಗುಗಾರರು ಅವನ್ನು ಎತ್ತತೊಡಗಿದರು. ಕಸ ವಿಲೇವಾರಿಗೆ ಪರಿಸರ ಕಾರ್ಯದ ಹೆಸರಿಟ್ಟದ್ದೇ ಇಲ್ಲಿನ ಮೂಲ ದೋಷ. ಕಡಲಿಗೆ ಕಸ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2009ರಲ್ಲಿ ಇಂಥ ರಚನೆಗಳಿಗೆ ಮಾರ್ಗಸೂಚಿ ಹೊರಡಿಸಿದವು. ಹಡಗುಗಳನ್ನು ಮುಳುಗಿಸುವುದೂ ರೂಢಿಯಲ್ಲಿದೆ: 2006ರಲ್ಲಿ ಪೆನ್ಸಕೋಲಾ ಎದುರು ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನು ತಳಕ್ಕಿಳಿಸಲಾಯಿತು.

ಭಾರತದಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಾಂಕ್ರೀಟ್ ಘಟಕಗಳನ್ನು ರೂಪಿಸಿದೆ. ತಮಿಳುನಾಡಿನ ಕಡಲಲ್ಲಿ ಪಡೆದ ಅನುಭವದ ಮೇಲೆ, ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ತಿರುವನಂತಪುರ ಜಿಲ್ಲೆಯ 42 ಮೀನುಗಾರ ಗ್ರಾಮಗಳ ಎದುರು, ತಾಣಕ್ಕೆ 150ರಂತೆ, 6,300 ಘಟಕಗಳನ್ನು ಇಳಿಸುವ ಕಾರ್ಯ 2023ರಲ್ಲಿ ಶುರುವಾಯಿತು. ತಮಿಳುನಾಡಿನ ಮನ್ನಾರ್ ಕೊಲ್ಲಿಯ ವಾನ್ ದ್ವೀಪದ ಬಳಿ ಇಳಿಸಿದ ರಚನೆಗಳ ಉದ್ದೇಶ ಬೇರೆ. ಹಿಂದೆ ಸುಣ್ಣಕ್ಕಾಗಿ ಹವಳ ಅಗೆದ ಈ ಪ್ರದೇಶದಲ್ಲಿ ದ್ವೀಪವೇ ಕರಗುತ್ತಿತ್ತು. 2015ರಿಂದ ಇಳಿಸಿದ ಕಾಂಕ್ರೀಟ್ ಘಟಕಗಳು ಅಲೆಯ ಹೊಡೆತ ತಗ್ಗಿಸುವುದರ ಜೊತೆಗೆ ಮೀನಿಗೂ ನೆಲೆಯಾದವು.

ಈ ಬಂಡೆಗಳು ಮೀನಿನ ಸಂತತಿ ಹೆಚ್ಚಿಸುತ್ತವೆಯೋ, ಚದುರಿದ್ದ ಮೀನನ್ನು ಬರಿದೆ ಒಂದೆಡೆ ಸೇರಿಸುತ್ತವೆಯೋ ಎಂಬ ವಿವಾದ ದಶಕಗಳಿಂದ ನಡೆದಿದೆ. ಉತ್ತರ ಜಾತಿಯಿಂದ ಜಾತಿಗೆ, ತಾಣದಿಂದ ತಾಣಕ್ಕೆ ಬದಲಾಗುತ್ತದೆ. ಸೇರಿಸುವುದಷ್ಟೇ ಆದರೆ ಉಳಿದ ಮೀನನ್ನೂ ಬೇಗ ಹಿಡಿದು ಮುಗಿಸಲು ಅನುಕೂಲವಾದಂತೆ. ಮುರುಡೇಶ್ವರದ ಎದುರಿನ ನೇತ್ರಾಣಿಯಂಥ ಸಹಜ ಹವಳ ನೆಲೆಗೆ ಯಾವ ಕಾಂಕ್ರೀಟೂ ಸಾಟಿಯಲ್ಲ.

ಬಂಡೆ ಇಳಿಸಿದಲ್ಲಿ ಟ್ರಾಲ್ ಎಳೆದರೆ ಬಲೆ ಸಿಕ್ಕಿ ಹರಿಯುತ್ತದೆ. ಸ್ಪೇನ್ ಇದನ್ನೇ ಬಳಸಿಕೊಂಡು ಸಮುದ್ರಹುಲ್ಲಿನ ಬಯಲುಗಳಿಗೆ ಟ್ರಾಲರುಗಳು ನುಗ್ಗದಂತೆ ತಡೆದಿದೆ. ಭಾರತದಲ್ಲೂ ಇದರ ಲಾಭ ಹೆಚ್ಚಾಗಿ ಸಿಗುವುದು ಗಾಳ ಹಾಕುವ ನಾಡದೋಣಿಯವರಿಗೆ.