ಆದವಾನಿಯ ಹತ್ತಿ ಜಿನ್ನುಗಳು ಮತ್ತು ಯಂತ್ರಗಳ ಬೇಲಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ಆದವಾನಿಯು, ಸುತ್ತಲಿನ ಎರೆಭೂಮಿಯ ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ಬೇಲು ಕಟ್ಟುವ ಪೇಟೆಯಾಗಿ ಹೆಸರಾಯಿತು. ಬೀಜ ಬಿಡಿಸುವ ಯಂತ್ರವೇ ಜಿನ್ನು. ಉರುಳೆಯ ಜಿನ್ನಿನಲ್ಲಿ ಚರ್ಮದ ಉರುಳೆಯು ಎಳೆಯನ್ನು ಸೆಳೆದುಕೊಳ್ಳುವಾಗ ಲೋಹದ ಅಲಗು ಬೀಜವನ್ನು ತಡೆದರೆ, 1794ರಲ್ಲಿ ಅಮೆರಿಕದ ಎಲಿ ವಿಟ್ನಿ ಪೇಟೆಂಟ್ ಪಡೆದ ಯಂತ್ರದಿಂದ ವಿಕಾಸಗೊಂಡ ಗರಗಸದ ಜಿನ್ನಿನಲ್ಲಿ ದುಂಡು ಗರಗಸಗಳ ಸಾಲೇ ತಿರುಗುತ್ತದೆ. ಬಡಗಿಯ ಗರಗಸದ ಮೇಜಿನಲ್ಲಿ ಕೈಗೆ ಎದುರಾಗುವುದು ಒಂದೇ ಅಲಗು, ಇಲ್ಲಿ ಹಲವು.

ಅಪಾಯಕರ ಯಂತ್ರಭಾಗಗಳಿಗೆ ಬೇಲಿ, ಎಂದರೆ ಕೈ, ಬಟ್ಟೆ ಸಿಲುಕದಂತೆ ತಡೆಯುವ ಆವರಣ, ಇರಬೇಕೆಂದು 1881ರ ಕಾರ್ಖಾನೆ ಕಾಯಿದೆ ವಿಧಿಸಿತಾದರೂ, ನೂರಕ್ಕಿಂತ ಕಡಿಮೆ ಕೆಲಸಗಾರರಿದ್ದ ಅಥವಾ ವರ್ಷಕ್ಕೆ ನಾಲ್ಕು ತಿಂಗಳು ಮೀರಿ ನಡೆಯದ ಕಾರ್ಖಾನೆಗಳನ್ನು ಅದು ಹೊರಗಿಟ್ಟಿತ್ತು. ಸುಗ್ಗಿಯಲ್ಲಷ್ಟೇ ಓಡುವ ಜಿನ್ನುಗಳಿಗೆ ಇದು ವಿಚಿತ್ರ ವಿನಾಯಿತಿಯೇ ಸರಿ. ಹಂಗಾಮಿನ ಕಾರ್ಖಾನೆಗಳು ಕಾಯಿದೆಯ ವ್ಯಾಪ್ತಿಗೆ ಬಂದದ್ದು 1911ರಲ್ಲಿ. 1948ರ ಕಾಯಿದೆಯ 21ನೆಯ ಕಲಮು ಬೇಲಿಯನ್ನು ವಿವರವಾಗಿ ನಿರೂಪಿಸಿದರೆ, 27ನೆಯ ಕಲಮು ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಅರಳೆ ಬಿಡಿಸುವ ಯಂತ್ರ (ಕಾಟನ್ ಓಪನರ್) ನಡೆಯುವ ಕಡೆ ಹೆಂಗಸರನ್ನೂ ಮಕ್ಕಳನ್ನೂ ದುಡಿಸಬಾರದೆಂದು ನಿಷೇಧಿಸಿ, ಸೂರಿನವರೆಗೆ ಅಡ್ಡಗೋಡೆಯಿದ್ದಲ್ಲಿ ಹತ್ತಿ ಉಣಿಸುವ ಬದಿಯಲ್ಲಿ ಮಾತ್ರ ಅವರಿಗೆ ಅವಕಾಶ ಕೊಟ್ಟಿತು.