ಕ್ಯಾಂಪ್ ಎಂಬ ವಿಳಾಸ

ಕ್ಯಾಂಪ್ ಎಂಬ ಮಾತು ಕನ್ನಡಕ್ಕೆ ದಂಡಿನ ಜೊತೆ ಬಂದಿರಬೇಕು. ಬೆಳಗಾವಿಯಲ್ಲಿ ಬ್ರಿಟಿಷರ ಪಡೆ ನೆಲೆಸಿದ್ದ ಭಾಗಕ್ಕೆ ಈಗಲೂ ಅದೇ ಹೆಸರು. ಆಮೇಲೆ ಕಚೇರಿಗೆ ಹೊಕ್ಕಿತು: ‘ಸಾಹೇಬ್ರು ಕ್ಯಾಂಪಿಗೆ ಹೋಗಿದಾರೆ’ ಅಂದರೆ ನಾಳೆಯೋ ನಾಡಿದ್ದೋ ಬರುತ್ತಾರೆ. ಕಣ್ಣಿನ ಕ್ಯಾಂಪು, ಎನ್ನೆಸ್ಸೆಸ್ ಕ್ಯಾಂಪು, ಎಲ್ಲಿಗೆ ಹೋದರೂ ಹೋದವರು ಮನೆಗೆ ಮರಳುತ್ತಾರೆ.

ಮರಳಲಾಗದವರ ಕ್ಯಾಂಪುಗಳೂ ನಮ್ಮಲ್ಲಿವೆ. 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಬೈಲಕುಪ್ಪೆಯಲ್ಲಿ ಕಾಡು ಕಡಿದು ಹೊಲ ಮಾಡಿದರು, ವಿಹಾರಗಳನ್ನು ಕಟ್ಟಿದರು. ಸುತ್ತಲಿನವರು ಇವತ್ತಿಗೂ ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್ ಎಂದೇ ದಾರಿ ಹೇಳುತ್ತಾರೆ. ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಊರುಗಳು ಆರ್.ಎಚ್. ಕ್ಯಾಂಪುಗಳು, ಅಂದರೆ ಪುನರ್ವಸತಿ ಕ್ಯಾಂಪುಗಳು. ಅಲ್ಲೇ ಹುಟ್ಟಿದವರ ಮಕ್ಕಳೂ ಕ್ಯಾಂಪಿನವರೇ. ತುಂಗಭದ್ರೆಯ ಕಾಲುವೆ ನಂಬಿ ಆಂಧ್ರದಿಂದ ಬಂದ ರೈತರ ಊರುಗಳಿಗೂ ಇದೇ ಹೆಸರು ಅಂಟಿಕೊಂಡಿದೆ. ಆದರೆ ಅವರು ಜಮೀನು ಕೊಳ್ಳಲು ಬಂದವರು, ಆ ಮಾತು ಅವರ ಮೇಲೆ ಅಷ್ಟು ಭಾರವಾಗಿ ಕೂತಿಲ್ಲ.

ನಾನೀಗ ಇರುವುದು ಜರ್ಮನಿಯಲ್ಲಿ. ಪಕ್ಕದ ಮನೆಯ ಸಿರಿಯಾದ ಹೆಣ್ಣುಮಗಳು ಫೋನಿನಲ್ಲಿ ಅರಬ್ಬಿ ಮಾತಾಡುವಾಗ ನನಗೆ ತಿಳಿಯುವ ಒಂದೇ ಶಬ್ದ ‘ಕಾಂಪ್’. ಆಶ್ರಯ ಕೋರಿ ಬಂದವರನ್ನು ಇರಿಸುವ ವಸತಿ ಅದು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ, ಜರ್ಮನರು ಹೈಮ್ ಅನ್ನುತ್ತಾರೆ. ಒಳಗೆ ಬದುಕಿದವರ ಬಾಯಲ್ಲಿ ಅದು ಕಾಂಪ್: ಹತ್ತಾರು ಮನೆಯವರಿಗೆ ಒಂದು ಅಡುಗೆಮನೆ, ಬಾಗಿಲಲ್ಲಿ ಕಾವಲು, ಗೋಡೆಯಾಚೆಯ ಮಗುವಿನ ಅಳು. ಸರಿಯಾದ ಮಾತು ಅವರದೇ ಅನ್ನಿಸುತ್ತದೆ ನನಗೆ.

ಇಲ್ಲಿ ಆಶ್ರಯ ಕೋರಿ ಬಂದವರು ಮೊದಲು ಸರ್ಕಾರದ ಕೇಂದ್ರದಲ್ಲಿರಬೇಕು. ಆಶ್ರಯ ಕಾನೂನಿನ 2019ರ ತಿದ್ದುಪಡಿಯ ಪ್ರಕಾರ ಇದು 18 ತಿಂಗಳವರೆಗೂ ಹೋಗಬಹುದು, ಅಪ್ರಾಪ್ತ ಮಕ್ಕಳಿರುವವರಿಗೆ ಹೆಚ್ಚೆಂದರೆ 6 ತಿಂಗಳು. 2022ರಲ್ಲಿ ಉಕ್ರೇನಿನಿಂದ ಬಂದವರಿಗೆ ಐರೋಪ್ಯ ಒಕ್ಕೂಟ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಅವರು ಆಶ್ರಯದ ಅರ್ಜಿ ಹಾಕಿ ಕಾಯಬೇಕಿರಲಿಲ್ಲ, ಕೆಲಸಕ್ಕೂ ಸೇರಬಹುದಿತ್ತು. ಹಾಗೆ ಮಾಡಲು ಸಾಧ್ಯವಿದೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಉಳಿದವರಿಗೆ ಯಾಕಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕಾಂಪ್ ಬಿಟ್ಟು ಹೊರಗೆ ಹೋಗಲು ಅನುಮತಿ ಸಿಕ್ಕರೂ ಮನೆ ಸಿಗಬೇಕಲ್ಲ? ಇಲ್ಲಿ ಬಾಡಿಗೆ ಮನೆ ಕೆಲಸಕ್ಕೆಂದು ಬಂದ ನಮಗೂ ಕಷ್ಟವೇ. ಆದರೆ ನಮ್ಮ ಕೈಯಲ್ಲಿ ಕಂಪನಿಯ ಸಂಬಳದ ಚೀಟಿ ಇರುತ್ತದೆ. ಬಾಡಿಗೆಯನ್ನು ಸರ್ಕಾರದ ನೆರವಿನ ಕಚೇರಿಯಾದ ಜಾಬ್‌ಸೆಂಟರ್ ಕಟ್ಟುತ್ತದೆ ಎಂದು ಕೇಳಿದೊಡನೆ ಎಷ್ಟೋ ಮಾಲೀಕರು ಫೋನ್ ಇಟ್ಟುಬಿಡುತ್ತಾರೆ. ಹಾಗಾಗಿ ನೆರೆಯವರಾಗಿ ನಾವು ಮಾಡಬೇಕಾದ್ದು ಹಳೆಯ ಬಟ್ಟೆ ಕೊಡುವುದಕ್ಕಿಂತ ಹೆಚ್ಚಿನದು. ಅವರ ಪರವಾಗಿ ಫೋನ್ ಮಾಡಬೇಕು, ಅರ್ಜಿ ತಿದ್ದಿಕೊಡಬೇಕು, ಮನೆ ನೋಡುವ ದಿನ ಜೊತೆಗೆ ನಿಲ್ಲಬೇಕು. ಅದಕ್ಕೂ ಮಿಗಿಲಾದ ಒಂದು ದಾರಿಯಿದೆ. ಮನೆ ಬಿಡುವ ಬಾಡಿಗೆದಾರ ಮುಂದಿನವರನ್ನು ತಾನೇ ಸೂಚಿಸುವ ರೂಢಿ ಇಲ್ಲುಂಟು. ಆ ಮುಂದಿನ ಬಾಡಿಗೆದಾರರನ್ನು ನಾಖ್‌ಮೀಟರ್ ಅನ್ನುತ್ತಾರೆ. ಮಾಲೀಕ ಒಪ್ಪಲೇಬೇಕೆಂದಿಲ್ಲ. ಆದರೆ ವರ್ಷಗಟ್ಟಲೆ ತಪ್ಪದೆ ಬಾಡಿಗೆ ಕೊಟ್ಟವರ ಮಾತಿಗೆ ಬೆಲೆ ಇರುತ್ತದೆ. ನಮ್ಮವರು ಕೆಲಸ ಬದಲಿಸಿ ಊರು ಬಿಡುತ್ತಲೇ ಇರುತ್ತಾರೆ. ಖಾಲಿಯಾಗುವ ಮನೆಯ ಸುದ್ದಿ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನೊಳಗೇ ಸುತ್ತಿ ಮುಗಿಯಬಾರದು.

ಮನೆ ಸಿಕ್ಕ ದಿನ ಮೊದಲು ಮಾಡುವ ಕೆಲಸ ಅಂಚೆಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದು. ಹೆಸರಿಲ್ಲದಿದ್ದರೆ ಪತ್ರ ವಾಪಸ್ಸು ಹೋಗುತ್ತದೆ, ವಲಸೆ ಕಚೇರಿ ಕೊಟ್ಟ ಗಡುವು ಮೀರುತ್ತದೆ. ಅರಬ್ಬಿ ಹೆಸರಿಗೆ ಒಂದೊಂದು ದಾಖಲೆಯಲ್ಲಿ ಒಂದೊಂದು ಕಾಗುಣಿತ ಇರುವುದರಿಂದ ವಾಸದ ಕಾರ್ಡಿನಲ್ಲಿದ್ದಂತೆಯೇ ಬರೆಯಬೇಕು ಎಂದು ನನಗೆ ಹೇಳಿಕೊಟ್ಟವರು ಪಕ್ಕದ ಮನೆಯಾಕೆ. ಅವರ ತಂಗಿಯ ಕುಟುಂಬ ಇನ್ನೂ ಕಾಂಪಿನಲ್ಲಿದೆ. ಇಲ್ಲೇ ಇರುವ ಹುಬ್ಬಳ್ಳಿಯ ಗಂಡಹೆಂಡತಿ ಮುಂದಿನ ತಿಂಗಳು ಬೇರೆ ಊರಿಗೆ ಹೋಗುತ್ತಿದ್ದಾರೆ. ಅವರ ಮನೆ ನೋಡಿ, ಮಾಲೀಕರೊಡನೆ ಮಾತಾಡಲು ಈ ಶನಿವಾರ ಪಕ್ಕದ ಮನೆಯಾಕೆಯೂ ನಾನೂ ಹೋಗುತ್ತೇವೆ.